ನಾನು ನಗುತ್ತಲೇ ಇದ್ದೆ

"ಅಮ್ಮಾ, ಇನ್ನೊಂದು ಸ್ವಲ್ಪ ನಗಿ."

ನಿರ್ದೇಶಕರು ಹಾಗೆ ಹೇಳಿದಾಗ ನಾನು ನಗುತ್ತಿದ್ದೆ. ಧಾರಾವಾಹಿಯಲ್ಲಿ ನನ್ನ ಸೊಸೆ ಬಸುರಿ ಎಂದು ಗೊತ್ತಾಗುವ ದೃಶ್ಯ. ಅತ್ತೆಯಾದ ನಾನು ಅವಳ ಗಲ್ಲ ಹಿಡಿದು ಬಾಯಿ ತುಂಬ ನಗಬೇಕು. ಇಂಥ ನಗು ನನಗೆ ನೀರು ಕುಡಿದಷ್ಟು ಸಲೀಸು. ನಕ್ಕೆ. ಕಟ್ ಎಂದರು. ಮತ್ತೆ ನಕ್ಕೆ. ಮತ್ತೆ ಕಟ್.

"ಹುಷಾರಿಲ್ವಾಮ್ಮಾ?" ಎಂದು ಕೇಳಿ ಮಾನಿಟರ್ ಹತ್ತಿರ ಕರೆದರು. ಅಲ್ಲಿ ಒಬ್ಬ ಹೆಂಗಸು ಸೊಸೆಯ ಗಲ್ಲ ಹಿಡಿದುಕೊಂಡು, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ಅವಳನ್ನು ನೋಡುತ್ತ ನಿಂತಿದ್ದಳು. ತುಟಿಯ ಒಂದು ತುದಿ ಸ್ವಲ್ಪ ಅಲುಗಿತ್ತು, ಅಷ್ಟೇ.

ಅದು ನಾನೇ.

ಮನೆಗೆ ಬಂದು ಕನ್ನಡಿ ಮುಂದೆ ನಿಂತು ನಕ್ಕು ನೋಡಿದೆ. ನಗು ಒಳಗೆ ಹುಟ್ಟುವುದು ನನಗೆ ಗೊತ್ತಾಗುತ್ತಿತ್ತು. ಹೊರಗೆ ಬರುತ್ತಿರಲಿಲ್ಲ. ಅಥವಾ ಬರುತ್ತಿದ್ದೂ ನನಗೇ ಕಾಣುತ್ತಿರಲಿಲ್ಲವೋ? ಕಣ್ಣಿನ ದೋಷವೋ, ಮುಖದ ದೋಷವೋ, ಮನಸ್ಸಿನದೋ ಎಂದು ತಲೆ ಕೆಟ್ಟು ಹೋಯಿತು.

ನನಗೆ ಮುಖವೇ ಹೊಟ್ಟೆಪಾಡು. ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ ನಾನು. ಓದು ಹತ್ತಲಿಲ್ಲ, ಮಗ್ಗದ ಮುಂದೆ ಕೂರಲು ಸಹನೆ ಇರಲಿಲ್ಲ. ಚಳ್ಳಕೆರೆಯಲ್ಲಿ ಮೊಕ್ಕಾಂ ಮಾಡಿದ್ದ ನಾಟಕ ಕಂಪನಿಯವರು ಅಳುವ ಹುಡುಗಿಯೊಬ್ಬಳು ಬೇಕೆಂದಾಗ ಅಪ್ಪನ ವಿರೋಧದ ನಡುವೆಯೂ ಹೋದೆ. ಗ್ಲಿಸರಿನ್ ಇಲ್ಲದೆ ಅಳುತ್ತಿದ್ದೆ. ಆ ಅಳುವೇ ನನ್ನನ್ನು ಸಿನಿಮಾಕ್ಕೆ ಎಳೆದೊಯ್ದಿತು. ನಾಯಕಿಯ ಗೆಳತಿಯಾದೆ, ಗಂಡ ಸತ್ತ ತಂಗಿಯಾದೆ, ನನಗಿಂತ ವಯಸ್ಸಾದ ನಾಯಕರಿಗೆ ತಾಯಿಯಾದೆ. ಆಮೇಲೆ ಟಿವಿ ಬಂತು, ನಾನು ಖಾಯಂ ಅತ್ತೆಯಾದೆ. ನಿಜದಲ್ಲಿ ಮದುವೆಯಾಗಲಿಲ್ಲ. ಪುರುಸೊತ್ತಾಗಲಿಲ್ಲ ಎಂದರೆ ಸರಿ. ತಂಗಿ ರತ್ನನ ಮಗಳು ಪಲ್ಲವಿಯೇ ನನಗೂ ಮಗಳು. ಅವಳು ನನ್ನನ್ನು ಪೆದ್ದಮ್ಮ ಎನ್ನುತ್ತಾಳೆ. ನಮ್ಮ ಮನೆಮಾತು ತೆಲುಗು, ದೊಡ್ಡಮ್ಮನನ್ನು ಹಾಗೇ ಕರೆಯುವುದು.

ನಗು ಬಾರದ್ದಕ್ಕೆ ಸೆಟ್ಟಿನಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹುಡುಕಿದರು. ಮೇಕಪ್ಪಿನವರು ಫೌಂಡೇಶನ್ ಬದಲಿಸಿದರು. ಹಲ್ಲಿನ ತೊಂದರೆ ಇರಬಹುದೆಂದು ಒಬ್ಬರು ಡೆಂಟಿಸ್ಟ್ ಹೆಸರು ಕೊಟ್ಟರು. ನಾನು ಸುಕ್ಕು ಹೋಗಲೆಂದು ಗುಟ್ಟಾಗಿ ಬೊಟಾಕ್ಸ್ ಚುಚ್ಚಿಸಿಕೊಂಡು ಮುಖ ಕೆಡಿಸಿಕೊಂಡಿದ್ದೇನೆ ಎಂದು ಉಳಿದವರು ಮಾತಾಡಿಕೊಂಡರು. ಸಿಟ್ಟು ಬಂತು. ಆ ಸಿಟ್ಟಾದರೂ ಮುಖದಲ್ಲಿ ಕಂಡಿತೋ ಇಲ್ಲವೋ, ಯಾರನ್ನು ಕೇಳುವುದು?

ಕಥೆ ಬರೆಯುವವರು ಮಾತ್ರ ಚುರುಕು. ನಗದ ಅತ್ತೆಯನ್ನು ಅವರು ಕೆಟ್ಟ ಅತ್ತೆ ಮಾಡಿಬಿಟ್ಟರು. ಸೊಸೆಗೆ ವಿಷ ಹಾಕುವ ಯೋಚನೆಯಲ್ಲಿ ಸುಮ್ಮನೆ ಕುಳಿತಿರುವುದು ನನ್ನ ಕೆಲಸ. ಜನ ಅದನ್ನು ಮೆಚ್ಚಿಕೊಂಡರು. ರೆಪ್ಪೆ ಬಡಿಯದೆ ಅಷ್ಟು ಹೊತ್ತು ದಿಟ್ಟಿಸುವುದನ್ನು ಹೇಗೆ ಅಭ್ಯಾಸ ಮಾಡಿದಿರಿ ಎಂದು ಹೊಸ ನಟಿಯೊಬ್ಬಳು ನನ್ನನ್ನು ಕೇಳಿದಳು. ನಾನು ಅಭ್ಯಾಸವನ್ನೇ ಮಾಡಿರಲಿಲ್ಲ. ಇಷ್ಟು ವರ್ಷ ಮೈಮುರಿದು ದುಡಿದರೂ ಸಿಗದ ಹೊಗಳಿಕೆ, ಏನೂ ಮಾಡದೆ ಕುಳಿತಾಗ ಸಿಕ್ಕಿತು. ಖುಷಿಪಡಬೇಕೋ ಹೆದರಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಆಮೇಲೆ ಬೇರೆ ಬೇರೆ ಚಿಹ್ನೆಗಳು ಬಂದವು. ಬಲಭುಜ ಬಿಗಿಯಿತು. ಬೆಳಗ್ಗೆ ರವಿಕೆಯ ಹುಕ್ಕು ಹಾಕಿಕೊಳ್ಳುವುದೇ ಒಂದು ಕೆಲಸವಾಯಿತು. ಮಲ್ಲಿಗೆ ಮುಡಿದರೆ ವಾಸನೆ ಗೊತ್ತಾಗುತ್ತಿರಲಿಲ್ಲ. ಅಭಿಮಾನಿಗಳಿಗೆ ಹಾಕುವ ನನ್ನ ಸಹಿ ಸಣ್ಣದಾಗುತ್ತ ಹೋಗಿ ಇರುವೆ ಸಾಲಿನಂತಾಯಿತು. ಭುಜದ ನೋವಿಗೆಂದು ಹೋದ ಮೂಳೆ ಡಾಕ್ಟರು ನಾನು ನಡೆದುಬರುವುದನ್ನು ನೋಡಿ, ಔಷಧಿ ಬರೆಯದೆ, ನ್ಯೂರಾಲಜಿಸ್ಟ್ ಹತ್ತಿರ ಕಳಿಸಿದರು.

ನ್ಯೂರಾಲಜಿಸ್ಟ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆರಳಿಗೆ ಬೆರಳು ತಟ್ಟಿಸಿದರು. ಮುಷ್ಟಿ ಬಿಚ್ಚಿ ಮುಚ್ಚಿಸಿದರು. ಕಾರಿಡಾರಿನಲ್ಲಿ ನಡೆಸಿದರು. ನಡೆಯುವಾಗ ನಿಮ್ಮ ಬಲಗೈ ಬೀಸುತ್ತಿಲ್ಲ ಎಂದರು.

"ಇದು ಪಾರ್ಕಿನ್ಸನ್ಸ್, ಮೇಡಮ್."

"ನನ್ನ ಕೈ ನಡುಗೋದೇ ಇಲ್ವಲ್ಲ ಡಾಕ್ಟ್ರೇ."

"ಎಲ್ಲರಿಗೂ ನಡುಗಬೇಕು ಅಂತಿಲ್ಲ. ಮುಖದ ಸ್ನಾಯುಗಳು ನಿಧಾನ ಆಗಿವೆ. ಇದಕ್ಕೆ ಮಾಸ್ಕ್ಡ್ ಫೇಸ್ ಅಂತೀವಿ. ನಿಮಗೆ ಅನ್ನಿಸೋದೆಲ್ಲ ಅನ್ನಿಸ್ತಾನೇ ಇರುತ್ತೆ, ಮುಖದಲ್ಲಿ ಕಾಣಲ್ಲ."

ಇಷ್ಟು ದಿನದ ಒಗಟಿಗೆ ಹೆಸರು ಸಿಕ್ಕಿತಲ್ಲ ಎಂದು ಒಳಗೊಳಗೇ ನಗು ಬಂತು. ಅವರಿಗೆ ಗೊತ್ತಾಗಲಿಲ್ಲ. ಪೂರ್ತಿ ವಾಸಿಯಾಗುವುದಿಲ್ಲ, ಟ್ಯಾಬ್ಲೆಟ್ ಮತ್ತು ಫಿಸಿಯೋಥೆರಪಿಯಿಂದ ಹತೋಟಿಯಲ್ಲಿಡಬಹುದು, ಮುಖ ಎಷ್ಟರಮಟ್ಟಿಗೆ ಸಡಿಲವಾಗುತ್ತದೋ ಈಗಲೇ ಹೇಳಲಾಗದು ಎಂದರು. ಹೊರಗೆ ಬಂದು ಆಟೋ ಹತ್ತಿ ಮನೆಗೆ ಹೋದೆ.

ಧಾರಾವಾಹಿಯವರಿಗೆ ಹೇಳಿದೆ. ಒಳ್ಳೆಯ ಜನ, ನನ್ನ ಪಾತ್ರವನ್ನು ಕೊಲ್ಲಲಿಲ್ಲ, ತೀರ್ಥಯಾತ್ರೆಗೆ ಕಳಿಸಿದರು. ನಾನು ಬಟ್ಟೆ ಕಟ್ಟಿಕೊಂಡು ಮೊಳಕಾಲ್ಮೂರಿಗೆ, ರತ್ನನ ಮನೆಗೆ ಬಂದೆ.

ಕಾಯಿಲೆಯ ವಿಷಯವನ್ನು ರತ್ನನಿಗೆ ಹೇಳಲಿಲ್ಲ. ಸ್ವಲ್ಪ ವಿಶ್ರಾಂತಿ ಬೇಕು ಎಂದೆ. ಪಲ್ಲವಿಗೆ ಚಳ್ಳಕೆರೆಯ ಸಂಬಂಧವೊಂದು ಕುದುರುತ್ತಿತ್ತು. ನಮ್ಮವರೇ, ಬಟ್ಟೆ ಅಂಗಡಿ ಇಟ್ಟವರು. ಹುಡುಗನನ್ನು ಪಲ್ಲವಿ ಮೆಚ್ಚಿದ್ದಳು, ಅವನ ಮಾತು ಬಂದರೆ ಕೆಂಪಗಾಗುತ್ತಿದ್ದಳು. ಹೆಣ್ಣಿನ ಕಡೆ ನರದ ಕಾಯಿಲೆ ಇದೆ ಎಂದು ಗೊತ್ತಾದರೆ ಯಾರು ತಾನೇ ಮುಂದೆ ಬರುತ್ತಾರೆ? ತಾಂಬೂಲ ಬದಲಾಯಿಸುವವರೆಗೆ ಬಾಯಿ ಬಿಡಬಾರದು ಎಂದುಕೊಂಡೆ.

ಹುಡುಗನ ತಾಯಿ ಗಿರಿಜಮ್ಮ ನಾಲ್ಕು ಜನ ಹೆಂಗಸರೊಂದಿಗೆ ಮನೆ ನೋಡಲು ಬಂದರು. ಮನೆಗೆ ಹಿರಿಯಳೆಂದು ರತ್ನ ಕುಂಕುಮದ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಗಿರಿಜಮ್ಮ ನನ್ನ ಧಾರಾವಾಹಿಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಆಸೆಯಿಂದ ನನ್ನ ಎದುರು ಬಂದು ಕುಳಿತರು. ನನಗೆ ಅವರು ಮೊದಲ ನೋಟಕ್ಕೇ ಹಿಡಿಸಿದರು. ನಮ್ಮ ಹುಡುಗಿ ಈ ಮನೆಯಲ್ಲಿ ಸುಖವಾಗಿರುತ್ತಾಳೆ ಎಂದು ಎದೆ ತುಂಬಿ ಬಂತು. ನಕ್ಕೆ. ತಟ್ಟೆ ಮುಂದೆ ಚಾಚಿದೆ. ಕೈ ಹೊರಡುವುದು ತಡವಾಯಿತು. ಅರ್ಧಕ್ಕೆ ನಿಂತು ಮತ್ತೆ ಹೊರಟಿತು. ಗಿರಿಜಮ್ಮ ನನ್ನ ಮುಖ ನೋಡಿದರು, ತಟ್ಟೆ ನೋಡಿದರು, ಕುಂಕುಮವನ್ನು ತಾವೇ ಇಟ್ಟುಕೊಂಡರು.

ಅವರು ಹೋದ ಮೇಲೆ ಸುದ್ದಿ ಇಲ್ಲ. ಕಡೆಗೆ ರತ್ನನ ಗಂಡ ತಿಪ್ಪೇಸ್ವಾಮಿಯ ಫೋನಿಗೆ ಮಾತು ಬಂತು. "ನಿಮ್ಮ ಮನೆ ಹಿರಿಯರಿಗೆ ಮನಸ್ಸಿದ್ದಂಗೆ ಕಾಣ್ಲಿಲ್ಲ. ಬಲವಂತ ಯಾಕೆ ಬಿಡ್ರಿ."

ಮಗ್ಗದ ಸದ್ದು ನಿಂತಿತು. ರತ್ನ ಎದ್ದು ಬಂದಳು. ನಮ್ಮ ಮನೆಯಲ್ಲಿ ಜಗಳ ತೆಲುಗಿನಲ್ಲಿ ಶುರುವಾದರೂ ಬಿಸಿ ಏರಿದಾಗ ಕನ್ನಡಕ್ಕೆ ಬರುತ್ತದೆ.

"ನಿನಗೆ ಇಷ್ಟ ಇಲ್ಲ ಅಂದ್ರೆ ನನ್ ಹತ್ರ ಹೇಳ್ಬೇಕಿತ್ತು ಅಕ್ಕ. ಬಂದೋರ ಮುಂದೆ ಹಂಗೆ ಮುಖ ಬಿಗಿದ್ಕೊಂಡು ಕುಂತಿದ್ಯಲ್ಲ."

"ನಂಗೆ ಇಷ್ಟಾನೇ ಕಣೇ."

"ಇಷ್ಟ ಇರೋರ ಮುಖ ಹಿಂಗಿರ್ತೈತಾ? ಬಂದಾಗಿಂದ ನೋಡ್ತಿದೀನಿ. ಏನ್ ಮಾಡಿ ಬಡಿಸಿದ್ರೂ ಹೂಂ ಅಂತೀಯ, ಮುಖದಾಗೆ ಏನೂ ಇಲ್ಲ. ನಮ್ಮನೆ ನಿನ್ನ ಕಣ್ಣಿಗೆ ಸಣ್ಣದಾಗಿ ಕಾಣ್ತೈತೇನೋ."

ಆಗ ಹೇಳಿದೆ. ಕಾಯಿಲೆಯ ಹೆಸರು, ಡಾಕ್ಟರು ಹೇಳಿದ್ದು, ನಗು ಒಳಗೇ ಉಳಿಯುವುದು, ಎಲ್ಲವನ್ನೂ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡಳು.

"ಇದು ಯಾವ ಸೀರಿಯಲ್ ಕಥೆ ಅಕ್ಕ?"

ಒಡಹುಟ್ಟಿದವಳೇ ನಂಬದಿದ್ದರೆ ಇನ್ನಾರು ನಂಬುತ್ತಾರೆ? ಆದರೆ ಅವಳ ತಪ್ಪೇನಿದೆ? ಅಳುವುದು, ನಗುವುದು, ಎದೆ ಹಿಡಿದುಕೊಂಡು ಬೀಳುವುದು, ಎಲ್ಲವನ್ನೂ ಸಂಬಳಕ್ಕೆ ಮಾಡಿದವಳು ನಾನು. ಅಳು ಬಂತು. ಕಣ್ಣೀರು ಸುರಿಯಿತು, ಹಣೆ ಗಂಟಾಗಲಿಲ್ಲ, ತುಟಿ ನಡುಗಲಿಲ್ಲ, ಮುಖ ಹಾಗೇ ಇತ್ತು. ಯಾವ ನಟಿಗೂ ಹಾಗೆ ಅಳಲು ಬರುವುದಿಲ್ಲ. ರತ್ನ ಒಂದೆರಡು ಹೆಜ್ಜೆ ಹತ್ತಿರ ಬಂದು ದಿಟ್ಟಿಸಿ ನೋಡಿದಳು. ಹೆದರಿದಳು. ಸೆರಗಿನಿಂದ ನನ್ನ ಕೆನ್ನೆ ಒರೆಸಿ, ನೆಲದ ಮೇಲೆ ಕೂತಳು.

"ಈಗೇನ್ ಮಾಡೋದು?" ಎಂದಳು.

ಅದೇ ನನಗೂ ತಿಳಿಯದ್ದು. ಕಾಯಿಲೆ ಅಂತ ಹೇಳಿದರೆ ಸಂಬಂಧ ಮುರಿಯುತ್ತದೆ. ಹೇಳದಿದ್ದರೆ ಆಗಲೇ ಮುರಿದಿದೆ. ತಿಪ್ಪೇಸ್ವಾಮಿ ಒಮ್ಮೆ ಹೇಳೋಣ ಎಂದ, ಒಮ್ಮೆ ಬೇಡ ಎಂದ. ಒಳಗಿನಿಂದ ಪಲ್ಲವಿ ಬಂದಳು. ಅವಳ ಕಣ್ಣು ಊದಿಕೊಂಡಿತ್ತು.

"ಹೇಳ್ಬಿಡು ಪೆದ್ದಮ್ಮ. ಅದಕ್ಕೇ ಬೇಡ ಅಂದ್ರೆ ಅನ್ಲಿ. ನೀನು ಸೊಕ್ಕಿನೋಳು ಅಂತ ತಿಳ್ಕೊಂಡು ಬೇಡ ಅಂದ್ರೆ ನಂಗೆ ಸಹಿಸಕ್ಕಾಗಲ್ಲ."

ರತ್ನನೂ ನಾನೂ ಚಳ್ಳಕೆರೆಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಇಷ್ಟು ವರ್ಷ ಬೇರೆಯವರು ಬರೆದುಕೊಟ್ಟ ಮಾತು ಆಡಿದವಳಿಗೆ ನನ್ನದೇ ಎರಡು ಮಾತು ಬಾಯಿಪಾಠವಾಗಲಿಲ್ಲ.

ಗಿರಿಜಮ್ಮ ಬಾಗಿಲಲ್ಲಿ ನಮ್ಮನ್ನು ಕಂಡು ಗಲಿಬಿಲಿಗೊಂಡರು. "ಬರ್ರಿ, ಕುಂತ್ಕಳ್ರಿ" ಎಂದರು, ತಾವು ಕೂರಲಿಲ್ಲ.

"ನಿಮ್ಮ ಮನೆಗೆ ನಮ್ಮ ಹುಡುಗಿ ಬರ್ತಾಳೆ ಅಂತ ನಂಗೆ ಸಂತೋಷ ಐತೆ" ಎಂದೆ. ಕಾಯಿಲೆ ನನ್ನ ದನಿಯನ್ನೂ ತಗ್ಗಿಸಿತ್ತು. ಅವರಿಗೆ ಕೇಳಿಸಲಿಲ್ಲ. ಉಸಿರು ಎಳೆದುಕೊಂಡು ಇನ್ನೊಮ್ಮೆ ಹೇಳಿದೆ. "ಅವತ್ತೂ ಸಂತೋಷಾನೇ ಇತ್ತು. ನನ್ನ ಮುಖ ಅದನ್ನ ತೋರಿಸಲ್ಲ. ನಂಗೆ ಒಂದು ಕಾಯಿಲೆ ಬಂದೈತೆ. ಅದಕ್ಕೇ ಬಾಯಲ್ಲಿ ಹೇಳಿ ಹೋಗೋಣ ಅಂತ ಬಂದೆ."

ಗಿರಿಜಮ್ಮ ನನ್ನ ಮುಖವನ್ನೇ ನೋಡಿದರು. ಅಲ್ಲಿ ಅವರಿಗೆ ಏನು ಸಿಕ್ಕಿತೋ ಗೊತ್ತಿಲ್ಲ.

"ಅದು ವಂಶದಾಗೆ ಬರೋ ಕಾಯಿಲೆನಾ?"

"ಹೆಚ್ಚಿನೋರಿಗೆ ಹಂಗೆ ಬರಲ್ಲ ಅಂದ್ರು ಡಾಕ್ಟ್ರು. ಬರೋದೇ ಇಲ್ಲ ಅಂತ ನಾನು ಆಣೆ ಮಾಡಕ್ಕಾಗಲ್ಲ."

ಅವರು ಒಳಗೆ ಹೋದರು. ಒಳಗಿನಿಂದ ಗಂಡ ಹೆಂಡತಿಯ ಪಿಸುಮಾತು ಬಹಳ ಹೊತ್ತು ನಡೆಯಿತು. ಎಲ್ಲ ಮುಗಿಯಿತು ಎಂದುಕೊಂಡು ರತ್ನ ಚೀಲ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಗಿರಿಜಮ್ಮ ಕಾಫಿ ಲೋಟ ಹಿಡಿದು ಬಂದರು. ನನ್ನ ಕೈ ನಿಧಾನವೆಂದು ಗೊತ್ತಾಗಿ, ಲೋಟವನ್ನು ನನ್ನ ಎರಡೂ ಕೈಯಲ್ಲಿ ಇಟ್ಟು, ನಾನು ಹಿಡಿದುಕೊಳ್ಳುವವರೆಗೂ ಬಿಡಲಿಲ್ಲ.

"ನಮ್ಮತ್ತೆ ಕೊನೆಕೊನೆಗೆ ನಮ್ಮನ್ನೇ ಗುರುತು ಹಿಡೀತಿರ್ಲಿಲ್ಲ" ಎಂದರು. "ನಮ್ಮನೆಯವ್ರಿಗೆ ಎದೆಗೆ ಸ್ಟೆಂಟ್ ಹಾಕವ್ರೆ. ಅದನ್ನ ನಾವೇನು ನಿಮಗೆ ಹೇಳಿದ್ವಾ? ನೀವಾದ್ರೂ ಬಂದು ಹೇಳಿದ್ರಿ. ಹುಡುಗ್ರು ಒಪ್ಪವ್ರೆ, ನಾವ್ಯಾಕೆ ಅಡ್ಡ ಬರೋದು."

ರತ್ನ ಅತ್ತುಬಿಟ್ಟಳು. ಗಿರಿಜಮ್ಮ ನನ್ನ ಕಡೆ ತಿರುಗಿದರು. "ಟಿವಿಯಾಗೆ ನಿಮ್ಮನ್ನ ದಿನಾ ಬೈತಿದ್ದೆ. ಪಾಪ, ಅದು ಕಾಯಿಲೆ ಅಂತ ಯಾರಿಗ್ ಗೊತ್ತು."

ನಾನು ನಕ್ಕೆ. ಅವರಿಗೆ ಕಾಣಲಿಲ್ಲ. "ನಗ್ತಿದೀನಿ ಗಿರಿಜಮ್ಮನೋರೇ" ಎಂದೆ. ಆಗ ಅವರೂ ನಕ್ಕರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟು ರತ್ನ ಪಕ್ಕದಲ್ಲಿ ಕುಳಿತಳು. ಬಿ.ಜಿ. ಕೆರೆ ದಾಟುವವರೆಗೂ ನಿಶ್ಚಿತಾರ್ಥಕ್ಕೆ ಯಾವ ಬಣ್ಣದ ಸೀರೆ ನೇಯಬೇಕು, ಎಷ್ಟು ಜನರನ್ನು ಕರೆಯಬೇಕು ಎಂದು ಒಂದೇ ಸಮ ಮಾತಾಡಿದಳು. ಆಮೇಲೆ ಥಟ್ಟನೆ ಕೇಳಿದಳು.

"ಈಗ ಖುಷಿನಾ ಅಕ್ಕ?"

ಹೂಂ ಅನ್ನಬೇಕೆಂದೇ ಬಾಯಿ ತೆರೆದೆ. ಇಷ್ಟು ದಿನ ಪಲ್ಲವಿಯದೇ ಚಿಂತೆಯಾಗಿ ನನ್ನ ಚಿಂತೆ ಪಕ್ಕಕ್ಕೆ ಸರಿದಿತ್ತು. ಆ ಚಿಂತೆ ಕಳೆಯಿತು. ಉಳಿದದ್ದು ನನ್ನದು ಮಾತ್ರ.

"ಖುಷಿನೇ. ಆದ್ರೆ ನಂಗೆ ಭಯ ಆಗ್ತೈತೆ ಕಣೇ."

ರತ್ನ ನನ್ನ ಮುಖ ನೋಡಲು ತಿರುಗಿದಳು. ನೋಡಿ ಪ್ರಯೋಜನವಿಲ್ಲ ಎಂದು ನೆನಪಾಯಿತೇನೋ, ಮುಂದಕ್ಕೆ ತಿರುಗಿ ನನ್ನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಇನ್ಮೇಲೆ ನಾನು ಕೇಳ್ತೀನಿ. ನೀನು ಹೇಳ್ಬೇಕು."

ಈಗ ಟ್ಯಾಬ್ಲೆಟ್ ಸ್ವಲ್ಪ ಹಿಡಿದಿದೆ. ಹುಕ್ಕು ಹಾಕಿಕೊಳ್ಳುತ್ತೇನೆ, ಮಧ್ಯಾಹ್ನದ ಹೊತ್ತು ಮುಖ ಒಂದಿಷ್ಟು ಸಡಿಲವಾಗುತ್ತದೆ ಎಂದು ಪಲ್ಲವಿ ಹೇಳುತ್ತಾಳೆ, ಸಂಜೆ ಹೊತ್ತಿಗೆ ಮತ್ತೆ ಬಿಗಿಯುತ್ತದೆ. ಕ್ಯಾಮೆರಾ ಮುಂದೆ ಇನ್ನೊಮ್ಮೆ ನಿಲ್ಲುತ್ತೇನೋ ಇಲ್ಲವೋ ಗೊತ್ತಿಲ್ಲ. ಏನನ್ನಿಸ್ತೈತೆ ಅಕ್ಕ ಎಂದು ರತ್ನ ದಿನಾ ಕೇಳುತ್ತಾಳೆ, ಒಂದು ದಿನವೂ ಬಿಟ್ಟಿಲ್ಲ. ಕೆಲವು ದಿನ ಏನನ್ನಿಸುತ್ತಿದೆಯೋ ನನಗೇ ತಿಳಿಯುವುದಿಲ್ಲ. ತಿಳಿಯುತ್ತಿಲ್ಲ ಎಂದೇ ಅವಳಿಗೆ ಹೇಳುತ್ತೇನೆ.