ಊಟಕ್ಕೆ ಮೊದಲಿನ ಕಾಲೇಜು ಜಗಳ

ಕಾಲೇಜಿನಲ್ಲಿ ಶುರುವಾದ ರಾಜಕೀಯದ ಜಗಳವನ್ನು ನೀವೂ ದುಬೈವರೆಗೆ ಹೊತ್ತು ತಂದಿದ್ದೀರಾ? ನಾನು ತಂದಿದ್ದೇನೆ. ಮಂಗಳೂರಿನ ಕಾಲೇಜು ಎಲೆಕ್ಷನ್‌ನಲ್ಲಿ ಎದುರು ಪಾರ್ಟಿಯಲ್ಲಿದ್ದ ಬ್ಯಾರಿ ಗೆಳೆಯ ಈಗ ಇಲ್ಲೇ ದುಬೈಯ ಅಲ್ ಕೂಜ್‌ನಲ್ಲಿ ಗ್ಯಾರೇಜ್ ಇಟ್ಟಿದ್ದಾನೆ. ಪ್ರತಿ ಭಾನುವಾರ ಅವನಿಗೆ ನಮ್ಮಲ್ಲೇ ಊಟ. ಊಟಕ್ಕೆ ಮೊದಲು ಇಬ್ಬರದೂ ಕಿರುಚಾಟ.

ಕಳೆದ ವಾರ ಅದು ಜಾಸ್ತಿಯಾಗಿ ಅವನು ಚಪ್ಪಲಿ ಹಾಕಿಕೊಂಡ. "ಖಲಾಸ್ ಮಾರಾಯ, ಇನ್ನು ನಿನ್ನ ಮನೆಗೆ ಕಾಲಿಡುದಿಲ್ಲ."

ಇಲ್ಲಿಯ ಕಾಲೇಜಿನಲ್ಲಿ ಡಿಬೇಟ್ ಮಾಡುವ ನನ್ನ ಮಗಳು ಬಾಗಿಲಿಗೆ ಅಡ್ಡ ನಿಂತಳು. "ವೇಟ್ ಅಂಕಲ್! ನಮ್ಮ ಡಿಬೇಟಲ್ಲಿ ಎದುರಿನವ್ರು ಹೇಳಿದ್ದನ್ನು ಫಸ್ಟ್ ನಾವು ಹೇಳಿ ತೋರಿಸ್ಬೇಕು. ಆಮೇಲೆಯೇ ಉತ್ತರ. ಪಪ್ಪಾ, ಅಂಕಲ್ ಎಂತ ಹೇಳಿದ್ರು?"

ನಾನು ಕೇಳಿಸಿಕೊಂಡೇ ಇರಲಿಲ್ಲ. ಅವನು ಕಿರುಚುವಾಗ ನಾನು ನನ್ನ ಮುಂದಿನ ಮಾತು ಹೊಂದಿಸುತ್ತಿದ್ದೆ.

"ಅಂಕಲ್, ಪಪ್ಪ ಎಂತ ಹೇಳಿದ್ರು?"

ಅವನು ತಲೆ ಕೆರೆದುಕೊಂಡ. "ಇವ ಹೇಳಿದ್ದು ಯಾರಿಗೆ ಕೇಳಿತು ಮಗಾ? ಒಳಗಿಂದ ಬಂಗುಡೆ ಮೀನಿನ ಪರಿಮಳ ಬರ್ತಿತ್ತು."

ಚಪ್ಪಲಿ ಕಳಚಿದ. "ಊಟ ಬಡಿಸು ಮಾರಾಯ. ಮತ್ತೆ ಮೊದಲಿಂದ ಹೇಳು, ಕೇಳುವ."

ನಿಮ್ಮ ಮನೆಯಲ್ಲಿ ಚಪ್ಪಲಿ ಹಾಕಿಕೊಂಡವರು ವಾಪಸ್ ಬಂದದ್ದು ಹೇಗೆ? ಕೆಳಗೆ ಬರೆಯಿರಿ. ಯಾವ ಪಾರ್ಟಿ ಅಂತ ಬೇಡ, ಯಾವ ಮೀನು ಅಂತ ಹೇಳಿದರೆ ಸಾಕು.