ಕೆಂಪಾಗದ ಹಳದಿ

ಆಗ ಪುಣೆ ಹತ್ತಿರದ ನಿಗಡಿಯಲ್ಲಿ ನಮ್ಮ ಮನೆಯ ಗಚ್ಚಿಯ ಮೇಲೆ ನಿಂತರೆ ಕಡಲೆ ಹೊಲ ಕಾಣುತ್ತಿತ್ತು. ಈಗ ನಿಂತರೆ ಎದುರುಮನೆಯವರು ಒಣಹಾಕಿದ ಬಟ್ಟೆ ಕಾಣುತ್ತದೆ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಛಳಿಗಾಲದ ಮುಂಜಾನೆ ನೀರು ಕಾಯಿಸುವ ಬಂಬಿನ ಹೊಗೆ, ಶೇಂಗಾ ಹುರಿಯುವ ವಾಸನೆ, ಸೈಕಲ್ ಮೇಲೆ ಕ್ಯಾನು ತೂಗುಹಾಕಿಕೊಂಡು ಬರುವ ಹಾಲಿನವನ ಗಂಟೆ, ಇವು ಮೂರೂ ಕೂಡಿದರೆ ನಮಗೆ ಬೆಳಗಾಯಿತು ಎಂದು ಲೆಕ್ಕ. ಓಣಿಯ ಮಕ್ಕಳೆಲ್ಲ ಸ್ವೆಟರು ಹಾಕಿಕೊಂಡು ಸಾಲಾಗಿ ಶಾಲೆಗೆ ಹೋಗುತ್ತಿದ್ದರು. ನಾನು ಗಚ್ಚಿಯ ಕಟ್ಟೆಗೆ ಗದ್ದ ಊರಿ ಅವರನ್ನು ನೋಡುತ್ತ ನಿಲ್ಲುತ್ತಿದ್ದೆ. ಹೊಟ್ಟೆಕಿಚ್ಚಿನಿಂದ ಅಲ್ಲ, ಸೊಕ್ಕಿನಿಂದ.

ಯಾಕೆಂದರೆ ನನಗೆ ಶಾಲೆ ಇರಲಿಲ್ಲ. ಅಪ್ಪನಿಗೆ ಧಾರವಾಡದಿಂದ ಪುಣೆಗೆ ವರ್ಗವಾದದ್ದು ಶಾಲೆಯ ವರ್ಷ ಅರ್ಧ ಮುಗಿದ ಮೇಲೆ. ಇಲ್ಲಿಯ ಶಾಲೆಯವರು, ಜೂನ್‌ನಲ್ಲಿ ಬರ್ರಿ, ಪರೀಕ್ಷೆ ತಗೊಂಡು ಸೇರಿಸಿಕೊಳ್ಳತೇವಿ ಎಂದಿದ್ದರು. ಅಲ್ಲಿಯ ತನಕ ಒಂಬತ್ತು ವರ್ಷದ ನನಗೆ ಮನೆಯೇ ಶಾಲೆ, ಕುಸುಮತ್ತಿಯೇ ಮಾಸ್ತರು.

ಕುಸುಮತ್ತಿ ಅಪ್ಪನ ಕೊನೆಯ ತಂಗಿ. ಧಾರವಾಡದಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿ, ಕೆಲಸ ಸಿಗದೆ, ನಮ್ಮ ಜೊತೆ ಬಂದಿದ್ದಳು. ಸುತ್ತಮುತ್ತ ನಮ್ಮ ಕಡೆಯ ಮನೆಗಳು ಸಾಕಷ್ಟಿದ್ದವು. ಮಕ್ಕಳಿಗೆ ಕನ್ನಡ ಮರೆತು ಹೋಗುತ್ತಿದೆ ಎಂದು ಆ ಮನೆಯ ಹೆಂಗಸರು ಹಳಹಳಿಸುತ್ತಿದ್ದರು. ನಮ್ಮ ಪಡಸಾಲೆಯಲ್ಲಿ ಜೂನ್‌ನಿಂದ ಒಂದು ಪುಟ್ಟ ಶಾಲೆ ತೆಗೆಯಬೇಕು ಎಂಬುದು ಅತ್ತಿಯ ಒಂದೇ ಒಂದು ಆಸೆ. ಅಪ್ಪ ಒಪ್ಪಿದ್ದ. ಅವ್ವ ಅರ್ಧ ಒಪ್ಪಿದ್ದಳು. ಮಕ್ಕಳನ್ನು ಕಳಿಸಬೇಕೋ ಬೇಡವೋ ಎಂದು ಜನ ನನ್ನನ್ನು ನೋಡಿ ತೀರ್ಮಾನಿಸುವವರಿದ್ದರು. ಅಂದರೆ ಅತ್ತಿಯ ಶಾಲೆಯ ಬೋರ್ಡು ನಾನೇ.

ಆದರೆ ಅವಳ ಶಾಲೆಯಲ್ಲಿ ಪುಸ್ತಕ ಹೊರಗೆ ಬರುತ್ತಿದ್ದದ್ದು ಕಡಿಮೆ. "ಋತುಮಾನ ಏನ್ ಕೊಡತದೋ ಅದನ್ನ ಮೊದಲ ಕಲಿ. ಪುಸ್ತಕ ಎಲ್ಲೂ ಓಡಿ ಹೋಗೂದಿಲ್ಲ," ಎನ್ನುತ್ತಿದ್ದಳು. ಸಂಕ್ರಾಂತಿಗೆ ಕುಸುರೆಳ್ಳು ಮಾಡಲು ಕೂತಾಗ ತಾಟಿನ ಕೆಳಗೆ ಸಣ್ಣ ಕೆಂಡ, ಮೇಲೆ ಎಳ್ಳು, ಅದಕ್ಕೆ ಹನಿಹನಿಯಾಗಿ ಸಕ್ಕರೆ ಪಾಕ. ಬೆಳಗಿನ ಥಂಡಿಯಲ್ಲಿ ಕಾಳಿನ ಮೇಲೆ ಸಕ್ಕರೆಯ ಮುಳ್ಳು ಏಳುತ್ತಿತ್ತು, ಬಿಸಿಲು ಏರಿದರೆ ಏಳುತ್ತಿರಲಿಲ್ಲ. "ಯಾಕ ಹೇಳು ನೋಡೋಣ," ಎಂದು ಕೇಳಿ, ನಾನು ಹೇಳಿದ್ದು ತಪ್ಪಾದರೂ ಒಂದು ಕಾಳು ಬಾಯಿಗೆ ಹಾಕುತ್ತಿದ್ದಳು. ಗಚ್ಚಿಯ ಮೇಲೆ ಬಟ್ಟೆ ಒಣಹಾಕುವ ಕಂಬದ ನೆರಳಿಗೆ ಇಟ್ಟಂಗಿ ಚೂರಿನಿಂದ ಗೆರೆ ಎಳೆಯುತ್ತಿದ್ದೆವು. ಮಧ್ಯಾಹ್ನದ ನೆರಳು ವಾರವಾರಕ್ಕೂ ಗಿಡ್ಡವಾಗುವುದನ್ನು ನೋಡಿ ಸೂರ್ಯ ಮೇಲೆ ಬರುತ್ತಿದ್ದಾನೆಂದು ತಿಳಿದುಕೊಂಡೆ. ಕಡಲೆ ಹೊಲಕ್ಕೆ ನಸುಕಿನಲ್ಲಿ ಹೋಗಿ ಗಿಡದ ಮೇಲಿನ ಇಬ್ಬನಿ ನೆಕ್ಕಿಸಿದಳು. ಹುಣಸೆಯಂಥ ಹುಳಿ. ಬರುವಾಗ ಹೊಲದವನ ಹತ್ತಿರ ಮರಾಠಿಯಲ್ಲಿ ಮಾತಾಡಿ ಒಂದು ಸಿವುಡು ಹಸಿ ಕಡಲೆ ತರುವ ಕೆಲಸ ನನ್ನದು, ಅದು ಆ ದಿನದ ಮರಾಠಿ ಪಾಠ.

ಮಾಘ ಮಾಸ ಬಂದಾಗ ಹೊಸ ಪಾಠ ಶುರುವಾಯಿತು. ಅತ್ತಿಯ ಪ್ರಕಾರ ಮಾಘ ಅಂದರೆ ಹಳದಿ ತಿಂಗಳು. ದಿನಕ್ಕೊಂದು ಹೊಸ ಹಳದಿ ಹುಡುಕಿ ತರಬೇಕು. ಬರೀ ಹಳದಿ ಎಂದರೆ ನಡೆಯುತ್ತಿರಲಿಲ್ಲ. ಯಾವ ಹಳದಿ, ಎಲ್ಲಿ ಕಂಡಿತು, ಯಾವಾಗ ಕಂಡಿತು ಎಲ್ಲ ಹೇಳಬೇಕು. ಉದುರುವ ಬೇವಿನೆಲೆಯ ಹಳದಿ, ತೊಗರಿ ಬೇಳೆಯ ಹಳದಿ, ಮೈನಾ ಹಕ್ಕಿಯ ಕಾಲಿನ ಹಳದಿ. "ಕಂಡದ್ದನ್ನ ಕಂಡಾಂಗ ಹೇಳಬೇಕು, ಸುಧಿ. ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ," ಎನ್ನುತ್ತಿದ್ದಳು. ನಾನು ಮೂರು ಹೊತ್ತೂ ಕಣ್ಣು ಕಿಸಿದುಕೊಂಡು ತಿರುಗುತ್ತಿದ್ದೆ. ಅಷ್ಟು ಸುಖವಾಗಿ ನಾನು ಆಮೇಲೆ ಏನನ್ನೂ ಕಲಿತಿಲ್ಲ.

ಆ ತಿಂಗಳು ಒಂದು ರವಿವಾರ ಎಲ್ಲರೂ ಜೇಜುರಿಗೆ ಹೋದೆವು. ಖಂಡೋಬಾ ನಮ್ಮ ಮನೆದೇವರು. ಅಲ್ಲಿ ದೇವರಿಗೆ ತೂರುವ ಅರಿಶಿಣಕ್ಕೆ ಭಂಡಾರ ಎನ್ನುತ್ತಾರೆ. ಮೆಟ್ಟಿಲು, ಗೋಡೆ, ನಾಯಿ, ಜನ ಎಲ್ಲ ಅಲ್ಲಿ ಹಳದಿ. "ಇಲ್ಲಿ ಯಾವ ಹಳದಿ ಅಂತ ಹುಡುಕಲಿ ಅತ್ತಿ," ಎಂದು ನಾನು ಕೇಳಿದ್ದಕ್ಕೆ ಅತ್ತಿ ನಕ್ಕು ಮುಷ್ಟಿ ತುಂಬ ಭಂಡಾರ ನನ್ನ ತಲೆಯ ಮೇಲೆ ಹಾರಿಸಿದಳು. ನಾಲ್ಕು ವರ್ಷದ ತಮ್ಮ ಗುಂಡ್ಯಾ ಅದರಲ್ಲಿ ಎಮ್ಮೆ ಕರುವಿನ ಹಾಗೆ ಹೊರಳಾಡಿದ. ಎತ್ತಿಕೊಂಡ ಅಪ್ಪನ ಬಿಳಿ ಅಂಗಿ ಮತ್ತೆ ಯಾವತ್ತೂ ಬಿಳಿ ಆಗಲಿಲ್ಲ.

ಮರುದಿನ ಬಚ್ಚಲಲ್ಲಿ ಬಟ್ಟೆಯ ಗುಡ್ಡೆ. ಅವ್ವ ಹಳದಿ ಅಂಗಿಗೆ ಸಾಬೂನು ತಿಕ್ಕಿದ ಕೂಡಲೇ ಅದು ಕುಂಕುಮದ ಹಾಗೆ ಕೆಂಪಾಯಿತು. ನಾನು ಬಾಯಿ ತೆರೆದು ನಿಂತೆ. ಅತ್ತಿಗೆ ಪಾಠ ಸಿಕ್ಕಿತು. "ಅರಿಶಿಣದ ಗುಣಾನೇ ಹಂಗ. ಸಾಬಾಣ ಹತ್ತಿದ್ರ ಕೆಂಪಾಗತದ. ಕೆಂಪಾಗಲಿಲ್ಲಾ ಅಂದ್ರ ಅದು ಅರಿಶಿಣ ಅಲ್ಲ, ಬ್ಯಾರೆ ಏನೋ ಅದ," ಎಂದಳು. ಆ ದಿನವೆಲ್ಲ ನಾನು ಒದ್ದೆ ಸಾಬೂನಿನ ಚೂರು ಹಿಡಿದುಕೊಂಡು ಮನೆಯ ಹಳದಿಗಳನ್ನೆಲ್ಲ ಪರೀಕ್ಷಿಸಿದೆ. ಹೊಸ್ತಿಲು ಕೆಂಪಾಯಿತು. ಸೇವಂತಿಗೆ ಆಗಲಿಲ್ಲ. ಅವ್ವನ ಗಲ್ಲ ಕೆಂಪಾಯಿತು, ಜೊತೆಗೆ ನನಗೊಂದು ಏಟೂ ಬಿತ್ತು.

ಬುಧವಾರ ಮುಂಜಾನೆ ಗುಂಡ್ಯಾ ಹಾಸಿಗೆ ಬಿಟ್ಟು ಏಳಲಿಲ್ಲ. ಹಾಲು ಬೇಡ, ರೊಟ್ಟಿ ಬೇಡ ಎಂದು ಗೊಣಗುತ್ತ ಮಲಗಿದ್ದ. ಕಿಟಕಿಯ ಬಿಸಿಲು ಅವನ ಮುಖದ ಮೇಲೆ ಬಿದ್ದಿತ್ತು. ಕಣ್ಣಿನ ಬಿಳಿ ಭಾಗ ಹಳದಿಯಾಗಿತ್ತು, ಹಳೆಯ ತುಪ್ಪದ ಹಳದಿ. ನನಗೆ ಖುಷಿಯೋ ಖುಷಿ, ಇಷ್ಟು ದಿನ ಕಾಣದ ಹಳದಿ ಮನೆಯೊಳಗೇ ಸಿಕ್ಕಿತ್ತು. ಓಡಿ ಹೋಗಿ ಸಾಬೂನು ತಂದು ಅವನ ಕೆನ್ನೆಗೆ, ಕಿವಿಯ ಹಿಂದೆ ಹಚ್ಚಿ ನೋಡಿದೆ. ನೊರೆ ಬೆಳ್ಳಗೇ ಉಳಿಯಿತು.

ಆದರೆ ಆ ದಿನ ಅತ್ತಿಯ ಪರೀಕ್ಷೆಯ ದಿನ. ಓಣಿಯ ಕನ್ನಡದ ಹೆಂಗಸರು ಅವಳು ಹೇಗೆ ಕಲಿಸುತ್ತಾಳೆ ನೋಡಲು ಬರುವವರಿದ್ದರು. ಅವಳು ಇಳಕಲ್ ಸೀರೆ ಉಟ್ಟು, ಗೋಡೆಗೆ ಕರಿ ಬಣ್ಣ ಬಳಿದ ಹಲಗೆ ಒರಗಿಸಿ, ಅದರ ಮೇಲೆ ಕಮಲ ಬರೆದಿದ್ದಳು. ಅವ್ವ ಅಡಿಗೆಮನೆಯಲ್ಲಿ ಅವಲಕ್ಕಿ ಒಗ್ಗರಣೆಗೆ ಇಟ್ಟಿದ್ದಳು. ಹೆಂಗಸರು ಬಂದು ಚಾಪೆಯ ಮೇಲೆ ಕೂತರು. ಅತ್ತಿ ನನ್ನನ್ನು ನಿಲ್ಲಿಸಿ ಕೇಳಿದಳು.

"ಇವತ್ತಿನ ಹಳದಿ ಯಾವುದವ್ವಾ ಸುಧಾ?"

"ಗುಂಡ್ಯಾನ ಕಣ್ಣು," ಎಂದೆ.

ಎಲ್ಲರೂ ಘೊಳ್ಳೆಂದು ನಕ್ಕರು. ಅವರಲ್ಲಿ ದಪ್ಪನೆಯ ಕುಲಕರ್ಣಿ ಕಾಕೂ, "ಜೇಜುರಿಗೆ ಹೋಗಿ ಬಂದೀರಿ ಅಲ್ರೀ? ಇನ್ನೊಂದು ವಾರ ಹೋಗೂದಿಲ್ಲ ಅದು," ಎಂದರು.

"ಹೌದ್ರಿ, ಸ್ನಾನಕ್ಕ ಕೂಡಂಗಿಲ್ಲ ನಮ್ಮ ಗುಂಡ್ಯಾ. ಭಂಡಾರ ಅದು," ಎಂದು ಅತ್ತಿಯೂ ನಕ್ಕಳು.

"ಸಾಬಾಣ ಹಚ್ಚಿ ನೋಡೀನಿ ಅತ್ತಿ. ಕೆಂಪಾಗಲಿಲ್ಲ," ಎಂದೆ ನಾನು.

ಅತ್ತಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಚಾಪೆಯ ಮೇಲೆ ಕೂತವರನ್ನು ನೋಡಿದಳು. "ಆಮ್ಯಾಲೆ ನೋಡೋಣಂತ. ಈಗ ಹದಿನೆಂಟರ ಮಗ್ಗಿ ಹೇಳು," ಎಂದಳು. ನಾನು ಒಂದೂ ತಪ್ಪದೆ ಒಪ್ಪಿಸಿದೆ. ಹೆಂಗಸರು ಮೆಚ್ಚಿ ತಲೆದೂಗಿದರು, ಅವಲಕ್ಕಿ ತಿಂದರು, ಜೂನ್‌ನಿಂದ ಮಕ್ಕಳನ್ನು ಕಳಿಸುವುದಾಗಿ ಮಾತು ಕೊಟ್ಟು ಹೋದರು. ಅತ್ತಿ ಬಾಗಿಲು ಹಾಕಿ ನನ್ನನ್ನು ಎತ್ತಿ ಗಿರಗಿರನೆ ತಿರುಗಿಸಿದಳು. ಆ ಸಂಭ್ರಮದಲ್ಲಿ 'ಆಮ್ಯಾಲೆ' ಎಂದದ್ದು ಅವಳಿಗೂ ಮರೆಯಿತು, ನನಗೂ ಮರೆಯಿತು.

ಗುಂಡ್ಯಾ ಉಂಡದ್ದನ್ನೆಲ್ಲ ಕಾರತೊಡಗಿದ. ಜೇಜುರಿಯ ಬಿಸಿಲು ಬಡಿದಿದೆ ಎಂದರು, ದೃಷ್ಟಿ ತೆಗೆದರು, ಬಾಯಿ ರುಚಿ ಬರಲೆಂದು ತುಪ್ಪ ಹಚ್ಚಿ ಶೇಂಗಾ ಹೋಳಿಗೆ ತಿನ್ನಿಸಿದರು. ಶನಿವಾರ ಅವನು ಕರೆದರೆ ಓಗೊಡದಂತಾದ. ಅಪ್ಪ ಎತ್ತಿಕೊಂಡು ದವಾಖಾನೆಗೆ ಓಡಿದ, ಹಿಂದೆ ನಾವೆಲ್ಲ. ಡಾಕ್ಟರು ಅವನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು. ಕಾಮಣಿ, ಅಂದರೆ ಕಾಮಾಲೆ, ಭಾಳ ಏರಿದೆ ಎಂದರು. ಎಂದಿನಿಂದ ಹೀಗೆ ಹಳದಿ ಕಾಣುತ್ತಿದೆ ಎಂದು ಮರಾಠಿಯಲ್ಲಿ ಕೇಳಿದರು. ಅಪ್ಪ ಅವ್ವನನ್ನು ನೋಡಿದ. ಅವ್ವ, "ಇವತ್ತ ಕಂಡದ್ರಿ," ಎಂದಳು. ಅತ್ತಿ ಬಾಯಿ ತೆರೆಯಲಿಲ್ಲ.

ಉತ್ತರ ನನಗೆ ಗೊತ್ತಿತ್ತು. ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದೂ ಸುಮ್ಮನಿರುವುದನ್ನು ಯಾರೂ ನನಗೆ ಕಲಿಸಿರಲಿಲ್ಲ. ಮುಂದೆ ಬಂದು, ಕೈ ಕಟ್ಟಿಕೊಂಡು, ಅತ್ತಿ ಕಲಿಸಿದ ಮರಾಠಿಯಲ್ಲೇ ಹೇಳಿದೆ: ಬುಧವಾರ ಮುಂಜಾನೆಯಿಂದ. ಸಾಬೂನು ಹಚ್ಚಿ ನೋಡಿದೆ. ಕೆಂಪಾಗಲಿಲ್ಲ. ಅತ್ತಿಗೆ ಹೇಳಿದೆ. ಆಮೇಲೆ ನೋಡೋಣ ಎಂದಳು.

ಡಾಕ್ಟರು, "ಶಾಣೀ ಆಹೆ ಮುಲಗಿ," ಎಂದು ನನ್ನ ತಲೆ ಸವರಿದರು. ಜಾಣ ಹುಡುಗಿ ಎಂದು ಅರ್ಥ. ಆಗಲೇ ಕರೆದುಕೊಂಡು ಬರಬೇಕಿತ್ತು ಎಂದು ಅಪ್ಪನಿಗೆ ಹೇಳಿದರು. ನಾನು ಶಾಭಾಸ್‌ಗಾಗಿ ಅತ್ತಿಯ ಕಡೆ ತಿರುಗಿದೆ. ಅವಳು ಬಗ್ಗಿ ಗುಂಡ್ಯಾನ ಕಣ್ಣನ್ನೇ ನೋಡುತ್ತಿದ್ದಳು.

ಗುಂಡ್ಯಾ ದವಾಖಾನೆಯಲ್ಲೇ ಮಲಗಿದ. ಬದುಕುತ್ತಾನೋ ಇಲ್ಲವೋ ಎಂಬ ದಿನಗಳೂ ಬಂದವು. ಅವ್ವ ಅತ್ತಿಯ ಜೊತೆ ಮಾತು ಬಿಟ್ಟಳು. ಒಂದೇ ಸಲ, ಅವಳಿಗೆ ಕೇಳಿಸುವ ಹಾಗೆ, "ಮಂದಿ ಮಕ್ಕಳಿಗೆ ಶಾಲಿ ತೆಗಿತಾಳಂತ. ದೀಪದ ಬುಡಕ್ಕ ಕತ್ತಲಿ," ಎಂದಳು. ಅತ್ತಿ ಗುಂಡ್ಯಾನ ಉಪ್ಪಿಲ್ಲದ ಗಂಜಿ ಕಾಸಿ ಡಬ್ಬಿಗೆ ತುಂಬಿ ಕಳಿಸುತ್ತಿದ್ದಳು. ನನ್ನ ಪಾಠ ನಿಂತಿತು. ಗಚ್ಚಿಯ ಮೇಲೆ ನೆರಳು ಗೆರೆ ದಾಟಿ ಎಷ್ಟು ಒಳಗೆ ಹೋಯಿತೋ ಯಾರೂ ನೋಡಲಿಲ್ಲ.

ಗುಂಡ್ಯಾ ಎದ್ದು ಓಡಾಡತೊಡಗಿದ ಮೇಲೆ, ಹೋಳಿ ಹುಣ್ಣಿಮೆ ಇನ್ನೂ ಮುಂದಿರುವಾಗಲೇ, ಅತ್ತಿ ಧಾರವಾಡದ ಗಾಡಿ ಹತ್ತಿದಳು. ಸ್ಟೇಷನ್ನಿನಲ್ಲಿ ನಾನು ಅಳುತ್ತ, "ನಾ ಹೇಳಬಾರದಿತ್ತೇನ ಅತ್ತಿ?" ಎಂದು ಕೇಳಿದೆ. ಅವಳು ನನ್ನ ಮೂಗು ಒರೆಸಿ, "ಹುಚ್ಚಿ, ಖರೇ ಹೇಳಿದಿ ನೀ. ನೋಡೋದು ನನ್ನ ಕೆಲಸ ಇತ್ತು," ಎಂದಳು. ಆ ಮಾತಿನಿಂದ ನನಗೆ ಸಮಾಧಾನ ಆಗಬೇಕಿತ್ತು. ಈ ಹೊತ್ತಿನ ತನಕ ಆಗಿಲ್ಲ. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಆದರೂ ಅಪರಾಧಿಯ ಹಾಗೆ ಬದುಕಿದ್ದೇನೆ.

ನಮ್ಮ ಪಡಸಾಲೆಯಲ್ಲಿ ಶಾಲೆ ಶುರುವಾಗಲಿಲ್ಲ. ಕರಿ ಹಲಗೆ ಜೋಳದ ಡ್ರಮ್ಮಿನ ಮುಚ್ಚಳವಾಯಿತು. ಜೂನ್‌ನಲ್ಲಿ ನಾನು ಪರೀಕ್ಷೆ ಪಾಸಾಗಿ ದೊಡ್ಡ ಶಾಲೆ ಸೇರಿದೆ. ಅಲ್ಲಿ ಎಲ್ಲ ಹಳದಿಗೂ ಒಂದೇ ಹೆಸರು. ಅತ್ತಿ ಮದುವೆಯಾದಳು, ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಳು. ಯಾರ ಮಕ್ಕಳಿಗೂ, ತನ್ನ ಮಕ್ಕಳಿಗೂ, ಒಂದು ದಿನವೂ ಪಾಠ ಹೇಳಿಕೊಡಲಿಲ್ಲ ಎಂದು ಕೇಳಿದ್ದೇನೆ.

ಎಷ್ಟೋ ವರ್ಷಗಳ ಮೇಲೆ, ಗುಂಡ್ಯಾ ಕಾಲೇಜು ಸೇರಿದ ವರ್ಷದ ಸಂಕ್ರಾಂತಿಗೆ, ಅವಳು ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಟ್ಟವಳು ಮೊದಲು ಮಾಡಿದ್ದು, ಆರಡಿ ಎತ್ತರದ ಗುಂಡ್ಯಾನನ್ನು ಕಿಟಕಿಯ ಹತ್ತಿರ ಎಳೆದು, "ಬಗ್ಗು," ಎಂದು, ಬೆಳಕಿಗೆ ಹಿಡಿದು ಅವನ ಎರಡೂ ಕಣ್ಣಿನ ರೆಪ್ಪೆ ಎಳೆದು ನೋಡಿದ್ದು. ಅವನು ನಗುತ್ತಿದ್ದ. ಅವನಿಗೆ ಏನೂ ನೆನಪಿಲ್ಲ.

ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವ್ವ ಅದನ್ನು ನೋಡಿದಳು. ಒಳಗೆ ಹೋಗಿ ಎಳ್ಳು ಆರಿಸುತ್ತ ಕೂತವಳು, ತಲೆ ಎತ್ತದೆ, ನನಗೆ ಮಾತ್ರ ಕೇಳುವ ಹಾಗೆ ಅಂದಳು: "ಕೆಂಪಾಗಲಿಲ್ಲ ಅಂತ ಅವತ್ತ ನೀ ಹೇಳಿದ್ದು ನನಗೂ ಕೇಳಿಸಿತ್ತು, ಸುಧಿ. ಅವಲಕ್ಕಿ ಹೊತ್ತತಾವಂತ ಹೊರಗ ಬರಲಿಲ್ಲ ನಾ."

ಈಗ ಕಡಲೆ ಹೊಲ ಇಲ್ಲ, ಆ ಗಚ್ಚಿಯ ಗೆರೆಗಳ ಮೇಲೆ ನೀರಿನ ಟಾಕಿ ಕೂತಿದೆ. ನಸುಕಿನಲ್ಲಿ ಕುಸುರೆಳ್ಳಿಗೆ ಮುಳ್ಳು ಏಳುವಷ್ಟು ಥಂಡಿ ಬಿದ್ದರೂ ಮಾಡುವವರಿಲ್ಲ, ಅಂಗಡಿಯಿಂದ ತರುತ್ತೇವೆ. ಅವ್ವ ಮತ್ತು ಅತ್ತಿ ಈಗ ಫೋನಿನಲ್ಲಿ ಉಪ್ಪಿನಕಾಯಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಆ ಮಾತು ಮತ್ತೆ ನಿಂತುಹೋದೀತೆಂದು ನಾನು ಅವ್ವ ಹೇಳಿದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೇನೆ. ಪ್ರತಿ ಮಾಘಕ್ಕೂ ಈ ವರ್ಷ ಅತ್ತಿಗೆ ಹೇಳಬೇಕು ಎಂದುಕೊಳ್ಳುತ್ತೇನೆ. ಕಂಡದ್ದನ್ನು ಕಂಡ ಹಾಗೆ ಹೇಳಬೇಕೆಂದು ನನಗೆ ಕಲಿಸಿದವಳು ತಪ್ಪೆಲ್ಲ ತನ್ನೊಬ್ಬಳದೇ ಎಂದು ನಂಬಿಕೊಂಡು ಮುದುಕಿಯಾಗುತ್ತಿದ್ದಾಳೆ. ಉತ್ತರ ಗೊತ್ತಿದ್ದೂ ಸುಮ್ಮನಿರುವುದನ್ನು ನಾನು ಈಗ ಕಲಿತಿದ್ದೇನೆ.