ಕ್ಯಾಪ್ಟನ್ ರಡೆಲ್ ಕೂಗಿದ ಹೆಸರು

ಕೆಂಟಕಿಯ ಮಡ್ಡಿ ಫೋರ್ಕ್ ಊರಿನ ವಕೀಲ ಲೆಮ್ಯುಯೆಲ್ ರಡೆಲ್ ಮೂರು ಸಲ ಶಾಸನಸಭೆಗೆ ನಿಂತು ಮೂರು ಸಲವೂ ಮಣ್ಣು ಮುಕ್ಕಿದ್ದ. ಮುಕ್ಕಿಸಿದವನು ಮೇಜರ್ ಕ್ರೂಮ್. ಅಮೆರಿಕದ ಅಂತರ್ಯುದ್ಧದಲ್ಲಿ ರಡೆಲ್ ಉತ್ತರದವರ ಕಡೆ ಕ್ಯಾಪ್ಟನ್, ಕ್ರೂಮ್ ದಕ್ಷಿಣದವರ ಕಡೆ. ಕ್ಯಾಪ್ಟನ್ನನ ಕಾಲು ಕುಂಟಾದದ್ದು ಮೇಜರನ ಗುಂಡಿನಿಂದ ಎಂದು ಇಬ್ಬರೂ ಭಾಷಣದಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ನಿಜಕ್ಕೂ ಒದ್ದದ್ದು ಒಂದು ಹೇಸರಗತ್ತೆ. ಅದನ್ನು ಹೇಳಿದರೆ ವೋಟು ಬಿದ್ದೀತೇ?

ಅಲ್ಲಿ ಗುಟ್ಟಿನ ಮತದಾನವಿರಲಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿ ಊರೆಲ್ಲ ಕೇಳುವಂತೆ ಹೆಸರು ಕೂಗಬೇಕು, ಗುಮಾಸ್ತ ಬರೆದುಕೊಳ್ಳಬೇಕು. ಚುನಾವಣೆಗೆ ನಿಂತವರು ಮಾತ್ರ ಎದುರಾಳಿಯ ಹೆಸರನ್ನೇ ಕೂಗುವುದು ಮರ್ಯಾದಸ್ಥರ ಪದ್ಧತಿ. ತನ್ನ ಹೆಸರು ತಾನೇ ಕೂಗಿಕೊಳ್ಳುವುದೆಂದರೆ ನೆಂಟರ ಮನೆಯಲ್ಲಿ ಯಾರೂ ಹೇಳುವ ಮೊದಲೇ ಬಡಿಸಿಕೊಂಡು ಉಂಡ ಹಾಗೆ.

ನಾಲ್ಕನೇ ಸಲ ಮತದಾನದ ಬೆಳಿಗ್ಗೆ ಹೆಂಡತಿ ಡ್ರುಸಿಲ್ಲಾ ಬಾಗಿಲಿಗೆ ಅಡ್ಡ ನಿಂತಳು.

"ಈ ಸಲ ನಿಮ್ಮ ಹೆಸರೇ ಕೂಗ್ಬೇಕು ನೋಡ್ರಿ. ಇಲ್ಲಾಂದ್ರೆ ನಾನು ತವರಿಗೆ ಹೊರಟೆ."

"ಜನ ಏನಂತಾರೆ?"

"ಮೂರು ಸಲ ಸೋತಾಗ ಏನಂದ್ರು, ನೆನಪಿಲ್ವಾ?"

ನೆನಪಿತ್ತು. ಕ್ಯಾಪ್ಟನ್ ಮಾತು ಕೊಟ್ಟ.

ಸಂಜೆಯ ಹೊತ್ತಿಗೆ ಷೆರಿಫ್ ಲೆಕ್ಕ ಸಾರಿದ: "ಇಬ್ರಿಗೂ ನಾನೂರ ಹನ್ನೆರಡು! ಇನ್ನು ಕೂಗೋದು ನೀವಿಬ್ರೇ."

ಕ್ಯಾಪ್ಟನ್ ಕುಂಟುತ್ತ ಮೆಟ್ಟಿಲು ಹತ್ತಿದ. ಓಕ್ ಮರದಡಿ ಡ್ರುಸಿಲ್ಲಾ ಕೈಕಟ್ಟಿ ನಿಂತಿದ್ದಳು. ಅವಳ ಮುಖ ನೋಡಿ ಕೂಗಿದ.

"ರಡೆಲ್!"

ಚುನಾವಣೆಯ ಔತಣದ ಅಳಿಲಿನ ಸಾರು ಹೀರುತ್ತಿದ್ದವರೂ ಬಟ್ಟಲು ಕೆಳಗಿಟ್ಟರು. ಯಾರೋ ಛೀ ಎಂದದ್ದು ಕೇಳಿಸಿತು. ಈಗ ಮೇಜರನೂ ತನ್ನ ಹೆಸರೇ ಕೂಗಿಕೊಂಡರೆ ಪಾಪ ಸಮಸಮವಾದೀತು, ಕೂಗಿಕೊಳ್ಳಲಿ ದೇವರೇ, ಎಂದು ಕ್ಯಾಪ್ಟನ್ ಮನಸಾರೆ ಬೇಡಿಕೊಂಡ.

ಮೇಜರ್ ಮೆಟ್ಟಿಲು ಹತ್ತಿ, ಟೋಪಿ ತೆಗೆದು ಕೂಗಿದ.

"ರಡೆಲ್."

ಎರಡು ವೋಟಿನ ಗೆಲುವು! ಛೀ ಎಂದವರೇ ಹೋ ಎಂದು ಕೂಗುತ್ತ ಹೆಗಲಿಗೇರಿಸಲು ಬಂದರು. ಕ್ಯಾಪ್ಟನ್ ಅವರಿಂದ ತಪ್ಪಿಸಿಕೊಂಡು ಮೇಜರನ ಬಳಿಗೆ ಹೋದ.

"ನಾನು ಕೂಗಿದ್ದು ನಿಮಗೆ ಕೇಳಿಸ್ಲಿಲ್ವಾ ಮೇಜರ್ರೇ?"

"ಚೆನ್ನಾಗೇ ಕೇಳಿಸ್ತು."

"ಮತ್ತೆ?"

"ಏನ್ ಮಾಡ್ಲಿ ಕ್ಯಾಪ್ಟನ್ರೇ," ಎಂದು ಮೇಜರ್ ನಕ್ಕ. "ಆ ಮೆಟ್ಟಿಲು ಹತ್ತಿದ್ರೆ ನನ್ನ ಬಾಯಿಗೆ ಬರೋದು ಅದೊಂದೇ ಹೆಸರು."

ಜನ ಹೊತ್ತು ಮೆರೆಸುವಾಗ ಊರಿನಲ್ಲೆಲ್ಲ ಎತ್ತರದಲ್ಲಿದ್ದವನು ಕ್ಯಾಪ್ಟನ್ನನೇ. ನಾಚಿಕೆಯಿಂದ ದಾರಿಯುದ್ದಕ್ಕೂ ನೆಲವನ್ನೇ ನೋಡುತ್ತಿದ್ದ.